ಮೊದಲು ಬಂದ ಮೂವರು

ಜೂನ್ 24, ಸೋಮವಾರ

ಹರಿಹರದಿಂದ ಇಂದು ಹನ್ನೊಂದು ಫೋನ್. ಹನ್ನೊಂದೂ ಒಬ್ಬನದೇ. ಅಲ್ಲಿನ ಟ್ರಸ್ಟೊಂದರ ಕಫ ಪರೀಕ್ಷಾ ಕೇಂದ್ರದ ಆಪರೇಟರ್, ಹಾಲಸ್ವಾಮಿ ಎಂದು ಹೆಸರು. "ಮೇಡಂ, ನಿಂತೈತೆ." ಏನು ನಿಂತಿದೆ ಎಂದು ಕೇಳಿದರೆ "ಎಲ್ಲಾ ನಿಂತೈತ್ರಿ" ಎನ್ನುತ್ತಾನೆ.

ನಿಂತಿಲ್ಲ, ಕಾಯುತ್ತಿದೆ. ಈ ವ್ಯತ್ಯಾಸ ಅವನಿಗೆ ಬೇಕಾಗಿಲ್ಲ.

ನಾನು ಬರೆದ ತಂತ್ರಾಂಶದ ಕೆಲಸ ಸರಳ. ಕ್ಷಯದ ಪರೀಕ್ಷೆಗೆ ಬಂದವರಿಗೆ ಒಂದು ಚೀಟಿ ಕೊಡುತ್ತದೆ. ಚೀಟಿಯಲ್ಲಿ ಒಂದು ಕ್ರಮಸಂಖ್ಯೆ, ಅದರ ಕೆಳಗೆ ಇಪ್ಪತ್ತು ಅಕ್ಷರಗಳ ಒಂದು ಗುಟ್ಟಿನ ಸಾಲು. ಆ ಸಾಲೇ ಬೀಗದ ಕೈ. ಅದಕ್ಕೆ ಹೊಂದುವ ಬೀಗ ಮಾತ್ರ ನಮ್ಮಲ್ಲಿ ಉಳಿಯುತ್ತದೆ. ಎರಡು ದಿನದ ಮೇಲೆ ವರದಿಗೆ ಆ ಬೀಗ ಹಾಕಿ ದಾವಣಗೆರೆಯ ನಮ್ಮ ಸರ್ವರಿನಲ್ಲಿಡುತ್ತೇವೆ. ಚೀಟಿ ಇದ್ದವರು ತಮ್ಮ ಫೋನಿನಲ್ಲೇ ತೆರೆದು ಓದಿಕೊಳ್ಳಬಹುದು. ಬೇರೆ ಯಾರಿಗೂ, ನನಗೂ, ಅದು ತೆರೆಯದು.

ಈ ಬೀಗದ ಕೈ ಯಾರ ಊಹೆಗೂ ಸಿಗಬಾರದು. ಆದ್ದರಿಂದ ಅದನ್ನು ಗೊತ್ತುಗುರಿಯಿಲ್ಲದ ಬೈಟುಗಳಿಂದ, ಅಂದರೆ ಯಾವ ಕ್ರಮವೂ ಇಲ್ಲದ ಅಂಕಿಗಳಿಂದ, ಮಾಡಬೇಕು. ಅಂಥ ಬೈಟುಗಳನ್ನು ಕಂಪ್ಯೂಟರ್ ಮೌಸಿನ ಓಡಾಟದಿಂದ, ಒಂದು ಅಕ್ಷರ ಒತ್ತುವುದಕ್ಕೂ ಇನ್ನೊಂದು ಒತ್ತುವುದಕ್ಕೂ ನಡುವಿನ ಬಿಡುವಿನಿಂದ, ಇಂಥ ಸಣ್ಣಪುಟ್ಟ ಅಲುಗಾಟಗಳಿಂದ ಹೆಕ್ಕಿಕೊಳ್ಳುತ್ತದೆ. ಹರಿಹರದ್ದು ಹೊಸ ಕಂಪ್ಯೂಟರಿನ ಹೊಟ್ಟೆಯಲ್ಲಿ ಬರೀ ತಂತ್ರಾಂಶವಾಗಿ ಕೂರಿಸಿದ ಹಳೆಯ ಕಂಪ್ಯೂಟರು. ಅಲ್ಲಿನ ಹಳೆಯ ಪರೀಕ್ಷಾ ಯಂತ್ರಕ್ಕೆ ಅದೇ ಬೇಕು. ಹೊಟ್ಟೆಯೊಳಗಿರುವುದಕ್ಕೆ ಹೊರಗಿನ ಅಲುಗಾಟ ತಟ್ಟುವುದು ಕಡಿಮೆ. ಬೈಟುಗಳು ತೊಟ್ಟಿಕ್ಕುತ್ತವೆ. ಒಂದು ಚೀಟಿಗೆ ಎರಡು ನಿಮಿಷ, ಕೆಲವೊಮ್ಮೆ ನಾಲ್ಕು.

ಮೌಸು ಆಡಿಸುತ್ತಿರಿ ಎಂದಿದ್ದೆ. "ಜೋಳ ಬೀಸಿದಂಗೆ ಬೀಸಾಕತ್ತೀನ್ರಿ ಮೇಡಂ. ಹಿಟ್ಟು ಬರವಲ್ದು."

ಒಂದೇ ತಮಾಷೆಯನ್ನು ದಿನಕ್ಕೆ ಹನ್ನೊಂದು ಸಲ ಮಾಡಬಾರದು.

ಜೂನ್ 27, ಗುರುವಾರ

ಅಶ್ವಥ್ "ನೀವೇ ಒಂದ್ಸಲ ಹೋಗಿ ನೋಡ್ಕೊಂಡು ಬರ್ರಿ" ಎಂದರು. ಕಂಪನಿ ಅವರದು, ಇರುವುದು ಐದು ಜನ, ಹೋಗಬೇಕಾದವಳು ಯಾವಾಗಲೂ ನಾನು. ಬೆಳಗಿನ ಮೊದಲ ಬಸ್ಸು. ಹರಿಹರ ತಲುಪುವುದರೊಳಗೆ ಹನ್ನೆರಡು ಪುಟ ಓದುವ ಲೆಕ್ಕವಿತ್ತು. ಹಂಗೇರಿಯ ಕಾದಂಬರಿ, ಅನುವಾದಕರು ಶ್ರದ್ಧಾವಂತರು, ಅಡಿಟಿಪ್ಪಣಿಯೇ ಅರ್ಧ ಪುಟ. ಪಕ್ಕದ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡು ಕೆಮ್ಮುತ್ತಲೇ ಇದ್ದಳು. ನಾಲ್ಕು ಪುಟವಾಯಿತು.

ಅವಳೂ ಅಲ್ಲೇ ಇಳಿದು ನನ್ನ ಹಿಂದೆಯೇ ಕೇಂದ್ರಕ್ಕೆ ಬಂದಳು. ಏಳೂವರೆಗೆ ಬಾಗಿಲು ತೆರೆದಾಗ ಆರು ಜನರಿದ್ದರು. ಬಂದವರಿಗೆ ಧೈರ್ಯ ಹೇಳಿ ಪರೀಕ್ಷೆಗೆ ಕೂರಿಸುವುದು ಗುಲ್ನಾಜ್ ಎಂಬುವರ ಕೆಲಸ. ಅವರು ತಗ್ಗಿದ ದನಿಯಲ್ಲಿ ಹೇಳಿದರು: "ಈ ಹೊತ್ತಿಗೆ ಬರೋರು ಯಾರ ಕಣ್ಣಿಗೂ ಬೀಳಬಾರದು ಅಂತ ಬರೋರು, ಸುಮಕ್ಕ. ದಾವಣಗೆರೆಯವರು ಇಲ್ಲಿಗೆ ಬರ್ತಾರೆ, ಇಲ್ಲಿಯವರು ದಾವಣಗೆರೆಗೆ ಹೋಗ್ತಾರೆ. ಬಿಸಿಲೇರಿದ ಮ್ಯಾಲೆ ಬರೋರು ಬ್ಯಾರೆ, ಅವರಿಗೆ ಅಷ್ಟು ಅಂಜಿಕೆ ಇಲ್ಲ."

ನನ್ನನ್ನು ಅಕ್ಕ ಎನ್ನಲು ನಾನು ಹೇಳಿರಲಿಲ್ಲ.

ಆಪರೇಟರ್ ಮೌಸು ತಿರುಗಿಸುತ್ತಿದ್ದ. ಐವತ್ತರ ಆಸುಪಾಸಿನ ಮನುಷ್ಯ, ಹಣೆಯಲ್ಲಿ ವಿಭೂತಿ, ಮುಖದಲ್ಲಿ ಗಿರಣಿಯ ಮುಂದೆ ಕೂತವನ ತಾಳ್ಮೆ. ಜನರ ಸಾಲು ಅಲುಗಲಿಲ್ಲ. ಹೊರಗೆ ಪರಿಚಯದ ಯಾರೋ ಹಾದುಹೋದರೆಂದು ಕಾಣುತ್ತದೆ, ಒಬ್ಬ ಗೋಡೆಯ ಕಡೆ ತಿರುಗಿ ನಿಂತ. ಹದಿನೈದು ನಿಮಿಷದಲ್ಲಿ ಮೂವರು ಹೊರಟುಹೋದರು. ಬಸ್ಸಿನ ಹೆಂಗಸೂ ಹೋದಳು.

"ಆ ಮೂರು ಜನ ಮತ್ತೆ ಬರಲ್ಲ. ಮನೇಲೇ ಕೆಮ್ಕೊಂಡು ಕೂತು ಮಕ್ಕಳಿಗೂ ಹಚ್ತಾರೆ" ಎಂದರು ಗುಲ್ನಾಜ್. "ನಿಮ್ಮ ಕಂಪ್ಯೂಟರು ಗುಟ್ಟು ಕಾಯ್ತೈತೆ, ಇಲ್ಲ ಅನ್ನಲ್ಲ. ಜನ ಕಾಯಲ್ಲ ಸುಮಕ್ಕ."

ಸುರಕ್ಷತೆಗೆ ಸಮಯ ಹಿಡಿಯುತ್ತದೆ ಎಂದೆ. ತಪ್ಪು ಮಾತೇನಲ್ಲ. ಅವರು ನನ್ನನ್ನೇ ನೋಡಿದರು. ಇಂಥ ನೋಟಗಳಿಗೆ ಅಂಜಿಯೇ ನಾನು ಕಚೇರಿ ಬಿಟ್ಟು ಎಲ್ಲಿಗೂ ಹೋಗಬಯಸುವುದಿಲ್ಲ.

ಜುಲೈ 1, ಸೋಮವಾರ

ನಮ್ಮ ಬೀದಿಗೆ ನಳದ ನೀರು ನಾಲ್ಕು ದಿನಕ್ಕೊಮ್ಮೆ. ಬಂದಾಗ ಹಿಡಿದಿಟ್ಟುಕೊಳ್ಳುತ್ತೇವೆ; ಬಾಯಾರಿದಾಗ ನಳ ತಿರುಗಿಸಿ ಕೂರುವವರು ಯಾರೂ ಇಲ್ಲ. ಇಷ್ಟು ದಿನ ನನ್ನ ತಂತ್ರಾಂಶ ಮಾತ್ರ ಹಾಗೆ ಕೂತಿತ್ತು.

ಹಿನ್ನೆಲೆಯಲ್ಲಿ ಸದ್ದಿಲ್ಲದೆ ಬೈಟುಗಳನ್ನು ಕೂಡಿಟ್ಟುಕೊಳ್ಳುವ ತುಣುಕೊಂದನ್ನು ಬರೆದೆ. ಮೂರು ಚೀಟಿಗಾಗುವಷ್ಟು ಸದಾ ಸಿದ್ಧವಿರುತ್ತದೆ. ಒಂದು ಖರ್ಚಾದರೆ, ಮುಂದಿನವರ ಹೆಸರು, ಊರು ಬರೆದುಕೊಳ್ಳುವಷ್ಟರಲ್ಲಿ ಹಿಂದಿನಿಂದ ಇನ್ನೊಂದು ತುಂಬಿಕೊಳ್ಳುತ್ತದೆ. ಮೂರಕ್ಕಿಂತ ಹೆಚ್ಚು ಇಡಲಿಲ್ಲ. ಗುಟ್ಟಿನ ಸಾಮಾನು ಬಹಳ ಹೊತ್ತು ದಾಸ್ತಾನಿರಬಾರದು. ಬಳಸಿದ್ದು ಆ ಕ್ಷಣವೇ ಅಳಿಯುತ್ತದೆ. ಒಂದೇ ಬೈಟು ಎರಡು ಸಲ ಹೊರಗೆ ಹೋಗುವ ದಾರಿಯಿಲ್ಲ. ನಾಲ್ಕು ಸಲ ಓದಿ ನೋಡಿದೆ. ಇಲ್ಲ.

ಜುಲೈ 3, ಬುಧವಾರ

ಹರಿಹರಕ್ಕೆ ಹೋಗಿ ಹಾಕಿ ಬಂದೆ. ಚೀಟಿ ಒಂದು ಸೆಕೆಂಡಿನಲ್ಲಿ ಬಂತು. ಆಪರೇಟರ್ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಇದು ಖರೇನಾ, ಸುಳ್ಳಾ ಮೇಡಂ? ಇಷ್ಟು ಲಗೂ ಬಂದ್ರೆ ಜನ ನಂಬಲ್ರಿ."

ಆಮೇಲೆ ಪ್ರಶ್ನೆಗಳು. ಕರೆಂಟ್ ಹೋದರೆ? ಪ್ರಿಂಟರ್ ಕೆಟ್ಟರೆ? ಏನಾದರೂ ತಾನಾಗಿ ಅಳಿಸಿಹೋದರೆ? ನನಗೆ ಹನ್ನೆರಡೂವರೆಯ ಬಸ್ಸಿತ್ತು. ಒಂದು ಗುಂಡಿ ತೋರಿಸಿದೆ. ಒಳಗಿನ ಕಂಪ್ಯೂಟರು ಆ ಕ್ಷಣ ಹೇಗಿದೆಯೋ ಹಾಗೇ ಹಿಡಿದಿಡುವ ಗುಂಡಿ. "ಎಲ್ಲ ಸರಿಯಾಗಿ ನಡೆಯುತ್ತಿರುವಾಗ ಇದನ್ನೊತ್ತಿ. ಮುಂದೆ ಏನೇ ಕೆಟ್ಟರೂ ಪಕ್ಕದ್ದನ್ನು ಒತ್ತಿದರೆ ಆ ಕ್ಷಣಕ್ಕೆ ವಾಪಸು ಹೋಗುತ್ತದೆ. ವರದಿಗಳಿಗೇನೂ ಆಗುವುದಿಲ್ಲ, ಅವೆಲ್ಲ ದಾವಣಗೆರೆಯಲ್ಲಿವೆ. ನನಗೆ ಫೋನ್ ಮಾಡಬೇಡಿ."

ಜುಲೈ 5, ಶುಕ್ರವಾರ

ಫೋನ್ ಮಾಡಿದ. "ಮೇಡಂ, ಇವತ್ತು ಮಣ್ಣೆತ್ತಿನ ಅಮಾಸಿ. ಕಂಪ್ಯೂಟರ್‌ಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಒಳ್ಳೆ ಟೈಮ್ ನೋಡಿ ಗುಂಡಿ ಒತ್ತೀನಿ." ಒಳ್ಳೆಯದು ಎಂದು ಇಟ್ಟೆ.

ಜುಲೈ 12, ಶುಕ್ರವಾರ

ಇಡೀ ವಾರ ಹರಿಹರದಿಂದ ಒಂದೂ ಫೋನಿಲ್ಲ. ಮಧ್ಯಾಹ್ನ ನಾನೇ ಮಾಡಿದೆ, ಅನುಮಾನವಾಯಿತು. "ಭಾಳ ಚಲೋ ಐತ್ರಿ. ನೀವು ಹೇಳ್ದಂಗೆ ಮಾಡಾಕತ್ತೀನಿ." ಹಾಗೆಯೇ ಮಾಡುತ್ತಿರಿ ಎಂದೆ. ಒಂದು ವಾರದಲ್ಲಿ ಸಾಲು ಬಿಟ್ಟು ಹೋದವರು ಯಾರೂ ಇಲ್ಲವೆಂದು ಗುಲ್ನಾಜ್ ಹೇಳಿದರಂತೆ. ಇನ್ನೂ ಹನ್ನೊಂದು ಕೇಂದ್ರಗಳಿಗೆ ಇದನ್ನೇ ಹಾಕುವ ಮಾತು ನಡೆದಿದೆಯೆಂದು ಅಶ್ವಥ್ ಕಚೇರಿಗೆಲ್ಲ ಬೆಣ್ಣೆದೋಸೆ ತರಿಸಿದರು.

ಕಾದಂಬರಿ ಮುಗಿಯಿತು. ಕೊನೆಯ ಅಧ್ಯಾಯದಲ್ಲಿ ಅನುವಾದಕರಿಗೆ ಆಯಾಸವಾಗಿದೆ.

ಜುಲೈ 30, ಮಂಗಳವಾರ

ಗುಲ್ನಾಜ್ ಫೋನ್. ಮೌಲಾ ಸಾಬ್ ಎಂಬ ಗಡಿಯಾರ ರಿಪೇರಿಯ ಮುದುಕರು. ತಮ್ಮ ಸಂಖ್ಯೆ 1131 ಎಂದು ಒತ್ತುವ ಬದಲು 1181 ಎಂದು ಒತ್ತಿದ್ದಾರೆ. ಚೀಟಿಯ ಸಾಲು ಹಾಕಿದ್ದಾರೆ. ಇನ್ಯಾರದೋ ವರದಿ ತೆರೆದುಕೊಂಡಿದೆ. ಹೆಸರು, ಊರು, ಫಲಿತಾಂಶ, ಎಲ್ಲ.

ಸಾಧ್ಯವಿಲ್ಲ ಎಂದೆ.

"ಹೆಂಗಸರ ಹೆಸರು ಕಂಡ ಕೂಡ್ಲೇ ಮುಚ್ಚಿಬಿಟ್ಟೆ, ಯಾರಿಗೂ ಹೇಳಲ್ಲ ಬೇಟಿ ಅಂದ್ರು. ಆಮೇಲೆ ಒಂದೇ ಒಂದು ಕೇಳಿದ್ರು ಸುಮಕ್ಕ. ಹಂಗಾದ್ರೆ ನಂದು ಯಾರು ನೋಡ್ಯಾರೆ ಅಂತ."

ಚೀಟಿಗಳು ಅದಲುಬದಲಾಗಿರಬೇಕು ಎಂದೆ. ಅವರದೇ ವರದಿಯೂ ಅದೇ ಚೀಟಿಯಿಂದ ತೆರೆಯಿತಲ್ಲ ಎಂದರು. ವಯಸ್ಸಾದವರು, ಎರಡು ಚೀಟಿ ಕಲಸಿಕೊಂಡಿರಬೇಕು ಎಂದೆ. ಸಂಜೆ ಟ್ರಸ್ಟಿಗೆ ಪತ್ರ ಬರೆದೆ: ತಂತ್ರಾಂಶದಲ್ಲಿ ದೋಷವಿಲ್ಲ, ಇದು ಆಪರೇಟರ್ ಮಟ್ಟದ ಅಜಾಗರೂಕತೆ. ಪತ್ರ ಬಹಳ ಸ್ಪಷ್ಟವಾಗಿದೆಯೆಂದು ಅಶ್ವಥ್ ಮೆಚ್ಚಿದರು.

ಜುಲೈ 31, ಬುಧವಾರ

ಬೆಳಿಗ್ಗೆ ಗೊತ್ತಾಯಿತು: ಟ್ರಸ್ಟಿನವರು ಇಂದು ಚೀಟಿ ಕೊಡುವುದನ್ನು ನಿಲ್ಲಿಸಿ, ನಾಳೆಯಿಂದ ಕೆಲಸಕ್ಕೆ ಬರಬೇಡವೆಂದು ಹಾಲಸ್ವಾಮಿಗೆ ಹೇಳಿದ್ದಾರೆ.

ನನ್ನ ಪತ್ರಕ್ಕೆ ಪುರಾವೆ ಲಗತ್ತಿಸೋಣವೆಂದು ಸರ್ವರಿನಲ್ಲಿರುವ ಬೀಗಗಳ ಪಟ್ಟಿ ತೆಗೆದೆ. ಪ್ರತಿಯೊಂದೂ ಬೇರೆಯಿರಬೇಕು. ಕಂಪ್ಯೂಟರಿಗೆ ಹೋಲಿಸಿ ನೋಡಲು ಹೇಳಿ ಚಹಾ ಕುಡಿಯಲು ಎದ್ದೆ. ಬಂದು ನೋಡಿದರೆ ಒಂದೇ ಬೀಗ ಇಪ್ಪತ್ತೊಂದು ಸಲ. ಇನ್ನೊಂದು, ಇಪ್ಪತ್ತೊಂದು ಸಲ. ಮತ್ತೊಂದು, ಇಪ್ಪತ್ತೊಂದು ಸಲ. ಉಳಿದವೆಲ್ಲ ಸರಿ.

ಜುಲೈ ಐದರಿಂದ ನಿನ್ನೆಯವರೆಗೆ, ಭಾನುವಾರಗಳು ಮತ್ತು ಮೊಹರಂ ರಜೆ ಬಿಟ್ಟು, ಕೇಂದ್ರ ತೆರೆದದ್ದು ಇಪ್ಪತ್ತೊಂದು ದಿನ.

ಹೇಳದೆ ಕೇಳದೆ ಹರಿಹರದ ಬಸ್ಸು ಹತ್ತಿದೆ. ಹಾಲಸ್ವಾಮಿ ಮೇಜು ಒರೆಸುತ್ತಿದ್ದರು, ಬಿಟ್ಟುಹೋಗುವವರು ಒರೆಸುವಂತೆ. ಬೆಳಿಗ್ಗೆ ಬಂದ ಕೂಡಲೆ ಏನೇನು ಮಾಡುತ್ತೀರಿ, ಮಾಡಿ ತೋರಿಸಿ ಎಂದೆ.

"ಊದಿನಕಡ್ಡಿ ಹಚ್ತೀನ್ರಿ. ಆಮ್ಯಾಲೆ ಕಂಪ್ಯೂಟರ್ ಚಾಲು ಮಾಡ್ತೀನಿ. ಆಮ್ಯಾಲೆ ಅಮಾಸಿ ಪೂಜೆ ದಿನಕ್ಕೆ ಹೋಗ್ತೀನಿ." ಪಕ್ಕದ ಗುಂಡಿ ಒತ್ತಿದರು.

"ಕೆಟ್ಟಾಗ ಮಾತ್ರ ಅಂದಿದ್ದೆನಲ್ಲ?"

"ಕೆಡೋಕಿಂತ ಮುಂಚೇನೇ ಮಾಡಿದ್ರೆ ಕೆಡೋದೇ ಇಲ್ಲಲ್ರಿ. ಒಂದಿನನಾರ ಕೆಟ್ಟೈತಾ ಹೇಳ್ರಿ? ನಿಮಗೆ ಒಂದ್ ಫೋನ್ ಮಾಡೀನಾ?"

ಮಾಡಿಲ್ಲ. ಹಾಗೆಯೇ ಮಾಡುತ್ತಿರಿ ಎಂದವಳು ನಾನು.

ಮೂರು ಚೀಟಿ ತೆಗೆಸಿದೆ. ಮತ್ತೆ ಗುಂಡಿ ಒತ್ತಿಸಿ ಇನ್ನು ಮೂರು ತೆಗೆಸಿದೆ. ಎದುರುಬದುರು ಇಟ್ಟೆವು. ಕ್ರಮಸಂಖ್ಯೆ ಬೇರೆ, ಅದು ದಾವಣಗೆರೆಯ ಸರ್ವರಿನಿಂದ ಬರುತ್ತದೆ. ಗುಟ್ಟಿನ ಸಾಲು ಅವೇ ಮೂರು, ಅಕ್ಷರಕ್ಕೆ ಅಕ್ಷರ. ಗುಂಡಿ ಒತ್ತಿದ ಆ ಅಮಾವಾಸ್ಯೆಯ ಕ್ಷಣದಲ್ಲಿ ನನ್ನ ಸಂಗ್ರಹದಲ್ಲಿದ್ದ ಮೂರು ಚೀಟಿಯ ಬೈಟುಗಳು ಪೂಜೆಯ ಜೊತೆಗೇ ಉಳಿದುಬಿಟ್ಟಿವೆ. ಬಳಸಿದ್ದನ್ನು ನಾನು ಅಳಿಸುತ್ತೇನೆ, ಮರುದಿನ ಬೆಳಿಗ್ಗೆ ಅವು ಮತ್ತೆ ಹಾಜರು. ದಾಸ್ತಾನಿಲ್ಲದ ಮೊದಲಿನ ತಂತ್ರಾಂಶದಲ್ಲಿ ಇದು ಆಗುತ್ತಿರಲಿಲ್ಲ. ಇದನ್ನು ಸಾಧ್ಯ ಮಾಡಿದ್ದು ನಾನು. ಗುಂಡಿ ತೋರಿಸಿದ್ದೂ ನಾನು.

"ಒಟ್ಟು ಎಷ್ಟು ಜನ ಆತ್ರಿ?"

"ಅರವತ್ತಮೂರು."

"ಶಿವಭಕ್ತ ಪುರಾತನರ ಲೆಕ್ಕ ಆತಲ್ರಿ" ಎಂದವರು ನನ್ನ ಮುಖ ನೋಡಿ ಚೀಟಿಗಳ ಮೇಲಿನ ಕೈ ತೆಗೆದರು. ಆಮೇಲೆ ಕೇಳಿದರು: "ತಪ್ಪು ನನ್ನದಾ, ಮೇಡಂ?"

ಅಲ್ಲ ಎಂದೆ. ಇದನ್ನು ಹೇಳಲು ನನಗೆ ಎಷ್ಟು ಹೊತ್ತು ಹಿಡಿಯಿತು ಎಂದು ಬರೆಯುವುದಿಲ್ಲ.

ದಿನಾ ಬೆಳಿಗ್ಗೆ ಮೊದಲು ಬಂದ ಮೂವರು. ಯಾರ ಕಣ್ಣಿಗೂ ಬೀಳಬಾರದೆಂದು ಬಂದವರೇ.

ಆಗಸ್ಟ್ 1, ಗುರುವಾರ

ಅರವತ್ತಮೂರು ವರದಿಗಳನ್ನೂ ಸರ್ವರಿನಿಂದ ತೆಗೆದೆ. ಇನ್ನು ಮುಂದೆ ಪ್ರತಿ ಚೀಟಿಗೂ ದಾವಣಗೆರೆಯ ಸರ್ವರಿನಿಂದ ಆ ಕ್ಷಣದ ಹೊಸ ಬೈಟುಗಳು ಬಂದು ಅಲ್ಲಿನದರೊಂದಿಗೆ ಬೆರೆಯುತ್ತವೆ. ಯಾವ ಅಮಾವಾಸ್ಯೆಗೆ ಹೋದರೂ ಒಂದರಂತೆ ಇನ್ನೊಂದು ಬಾರದು. ಬರೆಯಲು ಇಪ್ಪತ್ತು ನಿಮಿಷ ಹಿಡಿಯಿತು. ಮೊದಲೇ ಹೊಳೆಯಬೇಕಿತ್ತು.

"ರಿಪೇರಿ ಆಯ್ತಲ್ಲ, ಬಿಟ್ಟುಬಿಡ್ರಿ" ಎಂದರು ಅಶ್ವಥ್.

"ಅರವತ್ತಮೂರು ಜನಕ್ಕೆ ಹೇಳಬೇಕು. ಯಾರು ಯಾರದನ್ನು ನೋಡಿದ್ದಾರೋ ಗೊತ್ತಿಲ್ಲ."

"ನೋಡಿದ್ದು ಒಬ್ಬ ಮುದುಕ. ನೀವು ಹೇಳಿದ್ರೆ ಸಂಜೆಯೊಳಗೆ ಹರಿಹರಕ್ಕೆಲ್ಲ ಗೊತ್ತಾಗ್ತೈತೆ. ಆ ಕೇಂದ್ರಕ್ಕೆ ಆಮೇಲೆ ಒಂದು ನಾಯಿನೂ ಬರಲ್ಲ. ರೋಗ ಇಟ್ಕೊಂಡು ಮನೇಲಿ ಕೂತು ಸಾಯ್ತಾರೆ. ಗುಟ್ಟು ದೊಡ್ಡದಾ, ಜೀವ ದೊಡ್ಡದಾ, ಹೇಳ್ರಿ ನೀವೇ."

ಅವರು ಸ್ವಾರ್ಥಕ್ಕೆ ಹೇಳಿದರು. ಆದರೂ ಮಾತು ಸುಳ್ಳಲ್ಲ. ಅದೇ ಕಿರಿಕಿರಿ.

ಹಾಲಸ್ವಾಮಿಯವರ ವಿಷಯ ಕೇಳಿದೆ. "ಅವರಿಗೆ ಬ್ಯಾರೆ ಎಲ್ಲಾದ್ರೂ ಹೇಳಿ ಹಾಕಿಸೋಣ ಬಿಡ್ರಿ. ನಿಮ್ಮ ಪತ್ರನೇ ಐತಲ್ಲ."

ಆಗಸ್ಟ್ 2, ಶುಕ್ರವಾರ

ಟ್ರಸ್ಟಿಗೆ ಎರಡನೆಯ ಪತ್ರ. ಮೊದಲನೆಯದು ಒಂದೂವರೆ ಪುಟವಿತ್ತು, ಇದು ನಾಲ್ಕು ಸಾಲು. ಅಶ್ವಥ್ ಮಾತು ಬಿಟ್ಟಿದ್ದಾರೆ. ಕಚೇರಿ ಶಾಂತವಾಗಿದೆ.

ಆಗಸ್ಟ್ 3, ಶನಿವಾರ

ಗುಲ್ನಾಜ್‌ಗೆ ಎಲ್ಲ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಎದ್ದುಹೋಗಿ ಔಷಧಿ ಕಪಾಟಿನ ಮುಂದೆ ಬೆನ್ನು ಮಾಡಿ ನಿಂತರು.

"ಒಬ್ಬೊಬ್ಬರ ಕೈ ಹಿಡಿದು ಹೇಳಿದೀನಿ ಸುಮಕ್ಕ. ದೇವರಿಗೆ, ನಿಮಗೆ ಬಿಟ್ಟು ಇನ್ಯಾರಿಗೂ ಗೊತ್ತಾಗಲ್ಲ ಅಂತ. ನನ್ನ ಮಾತಿನ ಮ್ಯಾಲೆ ಕಫ ಕೊಟ್ಟಾರೆ ಅವರು, ನಿಮ್ಮ ಕಂಪ್ಯೂಟರಿನ ಮ್ಯಾಲೆ ಅಲ್ಲ."

ಅಶ್ವಥ್ ಹೇಳಿದ್ದನ್ನೂ ಹೇಳಿದೆ. ಜನ ಬರುವುದು ನಿಲ್ಲಬಹುದು.

"ನಿಲ್ಲಬಹುದು. ಸುಳ್ಳು ಹೇಳಿ ಕರೆಸಿಕೊಂಡ್ರೆ, ಮುಂದಿನವರ ಕೈ ನಾ ಹೆಂಗೆ ಹಿಡೀಲಿ?"

ಫೋನಿನಲ್ಲಿ ಹೇಳುವಂತಿಲ್ಲ, ಮನೆಯಲ್ಲಿ ಯಾರು ಎತ್ತುತ್ತಾರೋ. ಮನೆಗೆ ಹೋಗುವಂತೆಯೂ ಇಲ್ಲ. ಅವರಾಗಿ ಬಂದಾಗ, ಒಬ್ಬೊಬ್ಬರಿಗೆ ಹೇಳಬೇಕು. ಬಾರದವರಿಗೆ ತಾನು ದಾರಿ ಹುಡುಕುತ್ತೇನೆ ಎಂದರು. "ಸೋಮವಾರದಿಂದ ನೀವೂ ಬರ್ರಿ. ಮಾಡಿದೋರೇ ಹೇಳ್ಬೇಕು."

ಆಗಸ್ಟ್ 5, ಸೋಮವಾರ

1181. ಮರುಳಸಿದ್ದಮ್ಮ. ದಾವಣಗೆರೆ ಪಕ್ಕದ ಆವರಗೆರೆಯವರು, ಮಂಡಕ್ಕಿ ಹುರಿಯುವ ಭಟ್ಟಿಯಲ್ಲಿ ಕೆಲಸ. ರೋಗ ಇದೆ; ಮಾತ್ರೆ ಶುರುವಾಗಿ ಮೂರು ವಾರ. ಹತ್ತಕ್ಕೆ ಭಟ್ಟಿಯಲ್ಲಿ ಹಾಜರಿರಬೇಕೆಂದು ಮೊದಲ ಬಸ್ಸಿಗೇ ಬಂದಿದ್ದರು. ನಲವತ್ತೈದಿರಬಹುದು. ಮುಂಗೈ ತುಂಬ ಸಣ್ಣ ಸಣ್ಣ ಸುಟ್ಟ ಕಲೆಗಳು.

ಹೇಗೆ ಹೇಳಬೇಕೆಂದು ಬರೆದುಕೊಂಡು ಹೋಗಿದ್ದೆ. ಮೊದಲ ವಾಕ್ಯದಲ್ಲೇ ತಡೆದರು. "ತಾಯಿ, ಬಾಯಿಲೇ ಹೇಳ್ರಿ."

ಹೇಳಿದೆ. ನಿಮ್ಮ ಚೀಟಿಯಂಥದೇ ಇನ್ನೂ ಇಪ್ಪತ್ತು ಜನರ ಹತ್ತಿರ ಇತ್ತು. ಅವರಲ್ಲಿ ಒಬ್ಬರು ಗೊತ್ತಿಲ್ಲದೆ ನಿಮ್ಮ ಕಾಗದ ತೆರೆದಿದ್ದಾರೆ. ತಪ್ಪು ನನ್ನದು.

"ಯಾರು?"

"ಹೇಳುವ ಹಾಗಿಲ್ಲ."

"ನಮ್ಮ ಓಣಿಯವರಾ? ಭಟ್ಟಿ ಕಡೆಯವರಾ?"

"ಹೇಳುವ ಹಾಗಿಲ್ಲ."

"ನಂದನ್ನ ಅವರು ನೋಡಬಹುದು. ಅವರದನ್ನ ನನಗೆ ಹೇಳಾಕೆ ಬರಲ್ಲ. ಭಾಳ ಚಲೋ ಕಾನೂನು ಐತೆ ನಿಮ್ಮದು." ಗುಲ್ನಾಜ್ ಕಡೆ ತಿರುಗಿದರು. "ಭಟ್ಟಿಯಾಗೆ ಎಲ್ಲರೂ ಒಂದೇ ಕೊಡದ ನೀರು ಕುಡೀತೀವಿ. ಬುತ್ತಿ ಬಿಚ್ಚಿ ಹಂಚ್ಕೊಂತೀವಿ. ಗೊತ್ತಾದ ದಿನ ನನ್ನ ಚೊಂಬು ಬ್ಯಾರೆ ಇಡ್ತಾರೆ. ಮರುದಿನ ಮಾಲೀಕ ಬರಬ್ಯಾಡ ಅಂತಾನೆ. ಹತ್ತೊಂಬತ್ತು ವರ್ಷ ಆತು ನಾ ಆ ಉರಿ ಮುಂದೆ ಕೂತು."

ಕ್ಷಮಿಸಿ ಎಂದೆ.

"ನೀವು ಕ್ಷಮಾ ಕೇಳಿದ್ರೆ ಕಂಡಿದ್ದು ಕಾಣದಂಗೆ ಆಗ್ತೈತಾ?"

ಮಾತ್ರೆ ತೆಗೆದುಕೊಂಡರು. ಹೊಸ ಚೀಟಿ ಬೇಡವೆಂದರು. ಮುಂದಿನ ವಾರದ ಮಾತ್ರೆಗೆ ಬರುತ್ತೀರಲ್ಲ ಎಂದು ಗುಲ್ನಾಜ್ ಕೇಳುವಷ್ಟರಲ್ಲಿ ಎದ್ದು ಹೊರಟಿದ್ದರು. ನಾನು ಬಾಗಿಲಿನವರೆಗೆ ಹಿಂದೆಯೇ ಹೋದೆ. ಯಾಕೆ ಹೋದೆನೋ.

ಆಗಸ್ಟ್ 13, ಮಂಗಳವಾರ

ಇಂದಿನವರೆಗೆ ಇಪ್ಪತ್ತಾರು ಜನಕ್ಕೆ ಹೇಳಿಯಾಯಿತು. ಇಬ್ಬರು ಅತ್ತರು. ಒಬ್ಬ ನನ್ನ ಮೇಲೆ ಕೈ ಎತ್ತಿದ, ಹಾಲಸ್ವಾಮಿಯವರು ನಡುವೆ ಬಂದರು. ಅವರನ್ನು ಟ್ರಸ್ಟಿನವರು ವಾಪಸು ಕರೆಸಿದ್ದಾರೆ. ಮೌಲಾ ಸಾಬ್ ತಮ್ಮ ಸರದಿಯಲ್ಲಿ ಎಲ್ಲ ಕೇಳಿ, "ಗಡಿಯಾರ ತಪ್ಪು ತೋರಿಸ್ತೈತೆ ಅಂತ ಮಾಡಿದೋನೇ ಹೇಳೋದು ನಾ ಇದೇ ಮೊದಲು ಕಂಡಿದ್ದು" ಎಂದರು. ಹೊಗಳಿದರೋ ಹಂಗಿಸಿದರೋ ತಿಳಿಯಲಿಲ್ಲ.

ಮರುಳಸಿದ್ದಮ್ಮ ನಿನ್ನೆ ಬರಲಿಲ್ಲ. ಅವರ ಮಾತ್ರೆ ಮೊನ್ನೆಗೇ ಮುಗಿದಿದೆ.

ಬೆಳಿಗ್ಗೆ ಏಳೂವರೆಗೆ ಬಾಗಿಲು ತೆರೆದಾಗ ಹೊರಗೆ ಯಾರೂ ಇರಲಿಲ್ಲ. ಎಂಟಕ್ಕೂ ಇರಲಿಲ್ಲ. ಅಶ್ವಥ್ ಹೇಳಿದ್ದು ಇದನ್ನೇ. ಹಾಲಸ್ವಾಮಿಯವರು ಮಂಡಕ್ಕಿ ಮಿರ್ಚಿ ತರಿಸಿ ಮೂವರ ನಡುವೆ ಪೇಪರ್ ಹಾಸಿದರು. "ತಿನ್ರಿ ಸುಮಕ್ಕ. ಹಸಿದ ಹೊಟ್ಟೇಲಿ ದಾರಿ ಕಾಯಬಾರದು." ಖಾರ ಹೆಚ್ಚಿತ್ತು. ತಿಂದೆ.

ಆಗಸ್ಟ್ 14, ಬುಧವಾರ

ಬರಲಿಲ್ಲ. ಆವರಗೆರೆಗೆ ಹೋಗಿ ಬರುತ್ತೇನೆಂದೆ. ಗುಲ್ನಾಜ್ ಬಿಡಲಿಲ್ಲ. "ನೀವು ಅವರ ಬಾಗಿಲಿಗೆ ಹೋದ್ರೆ ಉಳಿದಿದ್ದೂ ಹೋಗ್ತೈತೆ."

ಆಗಸ್ಟ್ 16, ಶುಕ್ರವಾರ

ಹನ್ನೊಂದೂವರೆಗೆ ಬಂದರು. ಸುಡು ಬಿಸಿಲು, ಮುಂದಿನ ಅಂಗಡಿಗಳಲ್ಲೆಲ್ಲ ಜನ. ಮರುಳಸಿದ್ದಮ್ಮನ ಜೊತೆ ಇನ್ನೊಬ್ಬರು, ಬಡಕಲು ಹೆಂಗಸು, ಹೊಸ್ತಿಲಲ್ಲೇ ಕೆಮ್ಮಿ ಗೋಡೆ ಹಿಡಿದು ನಿಂತರು.

"ಗಿರಿಯಮ್ಮ ಅಂತ. ನನ್ನ ಪಕ್ಕದಾಗೆ ಕೂತು ಹುರಿಯಾಕಿ. ಎಂಟು ದಿನದಿಂದ ಒಂದೇ ಸಮ ಕೆಮ್ಮಾಕತ್ತಾಳೆ, ಬಾ ಅಂದ್ರೆ ಬರವಲ್ಲಳು. ನಂದು ಹೆಂಗೂ ಯಾರೋ ನೋಡ್ಯಾರೆ, ನೀನೂ ನೋಡು ಅಂತ ಮಾತ್ರೆ ಡಬ್ಬಿ ತೋರಿಸಿದೆ. ಆಮ್ಯಾಲೆ ಬಂದ್ಲು."

ಗುಲ್ನಾಜ್ ಮೊದಲು ಮರುಳಸಿದ್ದಮ್ಮನಿಗೆ ಮಾತ್ರೆ ನುಂಗಿಸಿದರು; ನಾಲ್ಕು ದಿನ ತಪ್ಪಿತ್ತು. ಹಾಲಸ್ವಾಮಿಯವರು ಗಿರಿಯಮ್ಮನವರ ಹೆಸರು ಬರೆದುಕೊಂಡು ಚೀಟಿ ತೆಗೆದರು.

"ನನಗೂ ಒಂದು ಹೊಸಾದು ಕೊಡ್ರಿ" ಎಂದರು ಮರುಳಸಿದ್ದಮ್ಮ. ಕೊಟ್ಟೆವು. ನೀವು ಬಂದದ್ದು ಒಳ್ಳೆಯದಾಯಿತು ಎಂದೆ. "ನಿಮ್ಮನ್ನ ನಂಬಿ ಬಂದಿಲ್ಲ" ಎಂದರು.

ತಮ್ಮದು, ಗಿರಿಯಮ್ಮನವರದು, ಎರಡೂ ಹೊಸ ಚೀಟಿಗಳನ್ನು ಮೇಜಿನ ಮೇಲೆ ಒಂದರ ಕೆಳಗೊಂದು ಜೋಡಿಸಿದರು. ಅವರಿಗೆ ಇಂಗ್ಲಿಷ್ ಅಕ್ಷರ ಬಾರದು. ಸುಟ್ಟ ಬೆರಳನ್ನು ಮೇಲಿನ ಸಾಲಿನ ಮೊದಲ ಅಕ್ಷರದ ಮೇಲಿಟ್ಟರು, ಅದರ ಆಕಾರ ನೋಡಿದರು, ಕೆಳಗಿನದನ್ನು ನೋಡಿದರು. ಆಮೇಲೆ ಎರಡನೆಯದು. ಒಂದು ಅಕ್ಷರ ಬೇರೆಯಾದರೆ ಸಾಕು, ಇಡೀ ಸಾಲು ಬೇರೆಯೇ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಇಪ್ಪತ್ತೂ ಮುಗಿಯುವವರೆಗೆ ನಾವು ಮೂವರೂ ಮೇಜಿನ ಈಚೆ ನಿಂತಿದ್ದೆವು.

"ಬ್ಯಾರೆ ಅದಾವೆ" ಎಂದರು. ಗಿರಿಯಮ್ಮನವರದನ್ನು ಅವರ ಕೈಗಿಟ್ಟು, ಬೆರಳುಗಳನ್ನು ಅದರ ಮೇಲೆ ಮಡಚಿದರು.